ಹೊಲಮನೆಗೆ ಒಳ್ಳೆ ಟೂಲ್ ಪೆಟ್ಟಿಗೆ: ಆರಿಸುವುದು, ಮಾಡಿಸುವುದು, ಜೋಡಿಸಿಡುವುದು

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ರೈತರ ಮನೆಯಲ್ಲಿ ಸಾಮಾನಿಗೆ ಕೊರತೆ ಇಲ್ಲ. ಪಾನಾ (ಸ್ಪ್ಯಾನರ್) ಸೆಟ್ ಇರುತ್ತದೆ, ಪೈಪ್ ರೆಂಚ್ ಇರುತ್ತದೆ, ಗ್ರೀಸ್ ಗನ್ ಇರುತ್ತದೆ. ಆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಅರ್ಧ ಟ್ರ್ಯಾಕ್ಟರ್ ಸೀಟಿನ ಕೆಳಗೆ, ಇನ್ನರ್ಧ ಗೊಬ್ಬರದ ಚೀಲದ ಹಿಂದೆ, ಒಂದೆರಡು ಪಕ್ಕದ ಹೊಲದವರ ಹತ್ತಿರ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ ಲೆಕ್ಕದಲ್ಲಿ, ಅದೂ ಪಾಳಿ ಪ್ರಕಾರ ಬರುತ್ತದೆ. ರಾತ್ರಿ ಪಾಳಿಯಲ್ಲಿ ಮೋಟರು ನಿಂತರೆ ಟಾರ್ಚ್ ಹಿಡಿದು ಟೆಸ್ಟರ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗಂತೂ ನೀರು ಬಂದ ಹೊತ್ತು ಕಳೆದುಕೊಂಡರೆ ಮತ್ತೆ ಪಾಳಿ ಕಾಯಬೇಕು.

ಆದ್ದರಿಂದ ಪೆಟ್ಟಿಗೆ ಆರಿಸುವಾಗ ನಾನು ನೋಡುವುದು ಒಂದೇ ವಿಷಯ. ಕತ್ತಲಲ್ಲಿ, ಯಜಮಾನರು ಊರಲ್ಲಿ ಇಲ್ಲದಾಗಲೂ, ಮನೆಯ ಇನ್ಯಾರಾದರೂ ಸರಿಯಾದ ಪಾನಾ ಹುಡುಕಿ ಕೊಡುವಂತಿರಬೇಕು. ಬಣ್ಣ, ಹೊಳಪು, ಎಷ್ಟು ಡ್ರಾಯರ್ ಎಂಬುದೆಲ್ಲ ಆಮೇಲೆ.

ಮೊದಲು ಸಾಮಾನೆಲ್ಲ ಹೊರಗೆ ಹಾಕಿ

ಅಂಗಡಿಗೆ ಹೋಗುವ ಮೊದಲು ಅಂಗಳದಲ್ಲಿ ಒಂದು ತಾಡಪಾಲು ಹಾಸಿ. ಮನೆ, ಶೆಡ್ಡು, ಟ್ರ್ಯಾಕ್ಟರು, ಮೋಟರ್ ಮನೆ, ಎಲ್ಲ ಕಡೆಯಿಂದ ಸಾಮಾನು ತಂದು ಅದರ ಮೇಲೆ ಹರಡಿ. ತುಕ್ಕು ಹಿಡಿದದ್ದು, ಬಾಯಿ ಸವೆದ ಪಾನಾ, ತುದಿ ಮುರಿದ ಸ್ಕ್ರೂಡ್ರೈವರ್ ಬೇರೆ ಇಡಿ. ಸವೆದ ಪಾನಾ ನಟ್ಟಿನ ಮೂಲೆ ತಿನ್ನುತ್ತದೆ. ಅದಕ್ಕೆ ಪೆಟ್ಟಿಗೆಯಲ್ಲಿ ಜಾಗ ಕೊಡುವುದು ಬೇಡ.

ಉಳಿದದ್ದನ್ನು ಕೆಲಸದ ಪ್ರಕಾರ ಗುಂಪು ಮಾಡಿ. ಟ್ರ್ಯಾಕ್ಟರಿನದ್ದು ಒಂದು ಗುಂಪು, ಮೋಟರು ಮತ್ತು ಪೈಪಿನದ್ದು ಒಂದು, ಕರೆಂಟಿನದ್ದು ಒಂದು, ಮನೆಯ ಮರಗೆಲಸದ್ದು ಒಂದು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ರೈತರಿಗೆ ಟ್ರ್ಯಾಕ್ಟರಿನ ಗುಂಪೇ ದೊಡ್ಡದು. ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಬೋಲ್ಟು, ರೋಟವೇಟರ್ ಬ್ಲೇಡಿನ ಬೋಲ್ಟು, ಗ್ರೀಸ್ ನಿಪ್ಪಲ್ಲು, ಇವೇ ಜಾಸ್ತಿ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಹಾಕಿದವರಿಗೆ ಡ್ರಿಪ್ಪಿನ (ಹನಿ ನೀರಾವರಿಯ) ಸಣ್ಣ ಸಾಮಾನು ಜಾಸ್ತಿ. 16 ಮಿ.ಮೀ. ಪೈಪಿನ ಜಾಯಿನರ್, ಗ್ರೋಮೆಟ್, ಎಂಡ್ ಕ್ಯಾಪ್, ಡ್ರಿಲ್ ಬಿಟ್, ಫಿಲ್ಟರಿನ ರಬ್ಬರು. ಇವರಿಬ್ಬರಿಗೂ ಒಂದೇ ಪೆಟ್ಟಿಗೆ ಹೊಂದುವುದಿಲ್ಲ. ಮೊದಲಿನವರಿಗೆ ಉದ್ದ ಮತ್ತು ಗಟ್ಟಿತನ ಬೇಕು. ಎರಡನೆಯವರಿಗೆ ಸಣ್ಣ ಖಾನೆಗಳು ಬೇಕು.

ಈಗ ಟೇಪು ತಗೊಂಡು ಎಲ್ಲಕ್ಕಿಂತ ಉದ್ದದ ಸಾಮಾನು ಅಳೆಯಿರಿ. ಮಾಮೂಲಿ 12 ಪಾನಾದ ಸೆಟ್ಟು 6×7 ಮಿ.ಮೀ.ನಿಂದ 30×32 ಮಿ.ಮೀ.ವರೆಗೆ ಇರುತ್ತದೆ. ಅದರ ದೊಡ್ಡ ಪಾನಾಕ್ಕೇನೂ ಹೆಚ್ಚು ಜಾಗ ಬೇಡ. ತೊಂದರೆ ಕೊಡುವುದು ಪೈಪ್ ರೆಂಚು. 18 ಇಂಚಿನದ್ದೆಂದರೆ ಸುಮಾರು 450 ಮಿ.ಮೀ., 24 ಇಂಚಿನದ್ದೆಂದರೆ 600 ಮಿ.ಮೀ. ಬೋರ್‌ವೆಲ್ ಪೈಪು ಎತ್ತುವವರ ಮನೆಯಲ್ಲಿ 24 ಇಂಚಿನ ಜೋಡಿ ಇದ್ದೇ ಇರುತ್ತದೆ. ಹ್ಯಾಕ್ಸಾ ಚೌಕಟ್ಟು, ಗ್ರೀಸ್ ಗನ್ನು, ನೀರುಮಟ್ಟದ ಪಟ್ಟಿ ಕೂಡ ಉದ್ದವೇ. ಅಂಗಡಿಯಲ್ಲಿ ಸಿಗುವ ಕೈಪೆಟ್ಟಿಗೆಗಳು ಸಾಮಾನ್ಯವಾಗಿ ಇಷ್ಟು ಉದ್ದ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಅಳತೆ ಹೊರಗಿನದ್ದು, ನಿಮಗೆ ಬೇಕಾದದ್ದು ಒಳಗಿನದ್ದು ಎಂಬುದು ನೆನಪಿರಲಿ. ಉದ್ದದ ಸಾಮಾನಿಗಿಂತ ಎರಡು ಮೂರು ಇಂಚು ಜಾಸ್ತಿ ಇರಲಿ.

ಹಾರೆ, ಸಲಿಕೆ, ಚೈನ್ ಬ್ಲಾಕು, ವೀಲ್ ಪಾನಾದ ಉದ್ದ ಪೈಪು, ಇವನ್ನು ಪೆಟ್ಟಿಗೆಯ ಲೆಕ್ಕಕ್ಕೆ ಹಿಡಿಯಬೇಡಿ. ಗೋಡೆಗೆ ಗೂಟ ಹೊಡೆದು ನೇತುಹಾಕಿದರೆ ಸಾಕು.

ಪೆಟ್ಟಿಗೆ ಕೂರುವ ಜಾಗ

ಎರೆ ಭೂಮಿಯಲ್ಲಿ ಕಟ್ಟಿದ ಶೆಡ್ಡಿನ ನೆಲ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿನ ಸಿಮೆಂಟೋ ಪರಸಿ ಕಲ್ಲೋ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಇಂಥ ನೆಲದ ಮೇಲೆ ಡ್ರಾಯರಿನ ಎತ್ತರದ ಪೆಟ್ಟಿಗೆ ಇಟ್ಟರೆ ಕೆಲವು ತಿಂಗಳಲ್ಲಿ ಒಂದು ಕಡೆ ವಾಲುತ್ತದೆ. ಡ್ರಾಯರು ತಾನಾಗಿಯೇ ಜಾರಿ ತೆರೆದುಕೊಳ್ಳುತ್ತದೆ, ಬೀಗ ಸರಿಯಾಗಿ ಕೂರುವುದಿಲ್ಲ. ನೆಲ ಗಟ್ಟಿ ಇಲ್ಲದಿದ್ದರೆ ಡ್ರಾಯರಿನ ಆಸೆ ಬಿಡುವುದು ಒಳ್ಳೆಯದು.

ಎರಡನೆಯದು ತೇವ. ಸುತ್ತ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಹಗಲು ತಗಡಿನ ಶೆಡ್ಡು ಕಾದು, ರಾತ್ರಿ ಬೇಗ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿನ ಪಸೆ ತಗಡಿಗೂ ಸಾಮಾನಿಗೂ ಹನಿಯಾಗಿ ಅಂಟುತ್ತದೆ. ಚಳಿಗಾಲದ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳದ ಒಳಬದಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಅದಕ್ಕೇ ಪೆಟ್ಟಿಗೆ ನೆಲಕ್ಕೆ ತಾಗಬಾರದು. ಕನಿಷ್ಠ 4 ಇಂಚು ಎತ್ತರದಲ್ಲಿ, ಮರದ ತುಂಡಿನ ಮೇಲೋ ಕಬ್ಬಿಣದ ಕಾಲಿನ ಮೇಲೋ ಇರಲಿ. ಗೋಡೆಯಿಂದಲೂ ನಾಲ್ಕು ಬೆರಳು ದೂರ ಇಡಿ.

ಮೂರನೆಯದು ಗೊಬ್ಬರ. ನಮ್ಮ ಕಡೆ ಬಹಳ ಮನೆಗಳಲ್ಲಿ ಯೂರಿಯಾ, ಡಿಎಪಿ, ಪೊಟ್ಯಾಷ್ ಚೀಲಗಳು ಮತ್ತು ಪಾನಾಗಳು ಒಂದೇ ಕೋಣೆಯಲ್ಲಿ ಇರುತ್ತವೆ. ಗೊಬ್ಬರ ಗಾಳಿಯ ಪಸೆಯನ್ನು ಎಳೆದುಕೊಂಡು ಕರಗುತ್ತದೆ. ಆ ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಕ್ಲೋರೈಡ್ ಉಪ್ಪು, ಅದಂತೂ ಕಬ್ಬಿಣಕ್ಕೆ ಕಡು ವೈರಿ. ಎಷ್ಟೇ ಬೆಲೆಯ ಪೆಟ್ಟಿಗೆ ತಂದರೂ ಗೊಬ್ಬರದ ಪಕ್ಕ ಇಟ್ಟರೆ ಬೇಗ ಅಡಿಭಾಗ ತುಕ್ಕು ಹಿಡಿಯುತ್ತದೆ. ಬೇರೆ ಕೋಣೆ ಇಲ್ಲದಿದ್ದರೆ ಗೊಬ್ಬರ ಒಂದು ಮೂಲೆ, ಪೆಟ್ಟಿಗೆ ಎದುರು ಮೂಲೆ. ಬ್ಯಾಟರಿ ಚಾರ್ಜ್ ಮಾಡುವ ಜಾಗವೂ ಪೆಟ್ಟಿಗೆಯಿಂದ ದೂರ ಇರಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಏಳುವ ಆಸಿಡ್ಡಿನ ಹಬೆ ಪಾನಾದ ಹೊಳಪನ್ನು ತಿನ್ನುತ್ತದೆ. ಜೊತೆಗೆ ಅಲ್ಲಿ ಹೈಡ್ರೋಜನ್ ಅನಿಲ ಬರುವುದರಿಂದ ಕಿಡಿ ಹಾರುವ ಕೆಲಸ ಹತ್ತಿರ ಇರಲೇಬಾರದು.

ಇಲಿ ಕಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಭತ್ತದ ಮನೆಯಲ್ಲಿ ಇಲಿ ಇಲ್ಲದ ಕೋಣೆ ಇಲ್ಲ. ಕಿರುಬೆರಳು ಹೋಗುವಷ್ಟು ಸಂದಿ ಇದ್ದರೆ ಸುಂಡಿಲಿ ಒಳಗೆ ಹೋಗಿ ಗೂಡು ಕಟ್ಟುತ್ತದೆ, ಮಲ್ಟಿಮೀಟರಿನ ವೈರು ಕಡಿಯುತ್ತದೆ. ಅದರ ಮೂತ್ರದಿಂದಲೂ ತುಕ್ಕು ಹಿಡಿಯುತ್ತದೆ.

ಯಾವ ಬಗೆಯ ಪೆಟ್ಟಿಗೆ?

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಎರಡು ಕಡೆಗೆ ಮೆಟ್ಟಿಲಂತೆ ತೆರೆದುಕೊಳ್ಳುವ ಕೈಪೆಟ್ಟಿಗೆ, ಅದರಲ್ಲಿ 3 ಅಥವಾ 5 ಖಾನೆ ಇರುತ್ತವೆ. ಮೇಲೆ ಮುಚ್ಚಳ ಇರುವ ಟ್ರಂಕು. ಚಕ್ರ ಮತ್ತು ಡ್ರಾಯರ್ ಇರುವ ಟ್ರಾಲಿ, ಗ್ಯಾರೇಜಿನಲ್ಲಿ ನೋಡಿರುತ್ತೀರಿ. ಕೊನೆಯದು ಪ್ಲಾಸ್ಟಿಕ್ ಪೆಟ್ಟಿಗೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಟ್ರ್ಯಾಕ್ಟರು ಇರುವ ರೈತರ ಮನೆಗೆ ಮನೆಯಲ್ಲಿ ಒಂದು ಗಟ್ಟಿ ಟ್ರಂಕು, ಹೊಲಕ್ಕೆ ಒಯ್ಯಲು ಒಂದು 5 ಖಾನೆಯ ಕೈಪೆಟ್ಟಿಗೆ, ಇವೆರಡು ಸಾಕು. ಟ್ರಾಲಿಗೆ ಹಾಕುವ ದುಡ್ಡಿನಲ್ಲಿ ಇವೆರಡೂ ಬಂದು, ಉಳಿದದ್ದರಲ್ಲಿ ಒಳ್ಳೆ ಪಾನಾ ಸೆಟ್ಟನ್ನೂ ತರಬಹುದು. ಟ್ರಾಲಿ ಬೇಕಾಗುವುದು ಗಟ್ಟಿ ಕಾಂಕ್ರೀಟ್ ನೆಲದ ಮುಚ್ಚಿದ ಶೆಡ್ಡು ಇದ್ದು, ದಿನವೂ ಒಂದೇ ಕಡೆ ನಿಂತು ರಿಪೇರಿ ಮಾಡುವವರಿಗೆ. ಊರಿನ ನಾಲ್ಕಾರು ಟ್ರ್ಯಾಕ್ಟರ್ ರಿಪೇರಿ ಮಾಡಿಕೊಡುವ ಹುಡುಗರಿಗೆ ಅದು ನಿಜವಾಗಿಯೂ ಉಪಯೋಗ.

ಪ್ಲಾಸ್ಟಿಕ್ ಪೆಟ್ಟಿಗೆ ಪೇಟೆಯ ಮನೆಗೆ ಚೆನ್ನಾಗಿದೆ. ಹಗುರ, ತುಕ್ಕಿಲ್ಲ, ನಾಲ್ಕು ಸ್ಕ್ರೂಡ್ರೈವರ್, ಒಂದು ಸುತ್ತಿಗೆ, ಡ್ರಿಲ್ ಮಷೀನು ಇಟ್ಟುಕೊಳ್ಳಲು ಸಾಕು. ಹೊಲದ ಬಿಸಿಲಿಗೆ ಮಾತ್ರ ಬೇಡ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ಕು ಬರಬರುತ್ತಾ ಪೆಡಸಾಗಿ, ಮೊದಲು ಚಿಲಕ ಮುರಿಯುತ್ತದೆ, ಆಮೇಲೆ ಕೀಲು. ಇಲಿಗೂ ಅದನ್ನು ಕೊರೆಯುವುದು ಸುಲಭ. ಡ್ರಿಪ್ಪಿನ ಸಣ್ಣ ಸಾಮಾನಿಗೆ ಖಾನೆ ಇರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು, ಅದನ್ನು ಟ್ರಂಕಿನೊಳಗೆ ಇಡಿ.

ತಗಡಿನ ದಪ್ಪ: ತೂಕ ಹಾಕಿದರೆ ಗೊತ್ತಾಗುತ್ತದೆ

ಅಂಗಡಿಯವರು ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. ಗೇಜ್ ನಂಬರು ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಸುಮಾರು 0.9, 22 ಗೇಜ್ ಸುಮಾರು 0.7, 24 ಗೇಜ್ ಸುಮಾರು 0.56. ಕೈಪೆಟ್ಟಿಗೆಗೆ 22 ಗೇಜ್ ನಡೆಯುತ್ತದೆ. ಪೈಪ್ ರೆಂಚು, ದೊಡ್ಡ ಸುತ್ತಿಗೆ, ಜಾಕು ಇಡುವ ಟ್ರಂಕಿಗೆ 20 ಗೇಜ್‌ಗಿಂತ ತೆಳು ಬೇಡ. ಅಡಿಭಾಗ 18 ಗೇಜ್ ಇದ್ದರೆ ಇನ್ನೂ ಒಳ್ಳೆಯದು. 24 ಗೇಜಿನದ್ದು ಬಟ್ಟೆಬರೆ ಇಡುವ ಪೆಟ್ಟಿಗೆಗೆ ಸರಿ.

ಬಾಯಿಮಾತು ನಂಬಬೇಕಿಲ್ಲ. ತಕ್ಕಡಿ ಇದ್ದರೆ ಸಾಕು. ಕಬ್ಬಿಣದ ತಗಡು 1 ಮಿ.ಮೀ. ದಪ್ಪ ಇದ್ದರೆ ಒಂದು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. ಈಗ 70 ಸೆಂ.ಮೀ. ಉದ್ದ, 35 ಅಗಲ, 35 ಎತ್ತರದ ಒಂದು ಟ್ರಂಕು ತಗೊಳ್ಳಿ. ಇದರೊಳಗೆ 24 ಇಂಚಿನ ಪೈಪ್ ರೆಂಚು ಆರಾಮಾಗಿ ಮಲಗುತ್ತದೆ. ಆರೂ ಮುಖ ಸೇರಿ ಹತ್ತಿರ ಹತ್ತಿರ 1.22 ಚದರ ಮೀಟರ್. 20 ಗೇಜ್ ಆದರೆ ಬರೀ ತಗಡೇ ಸುಮಾರು 8.6 ಕೆ.ಜಿ. ಬರಬೇಕು. 22 ಗೇಜ್ ಆದರೆ 6.7 ಕೆ.ಜಿ., 18 ಗೇಜ್ ಆದರೆ 11.5 ಕೆ.ಜಿ. ಹಿಡಿಕೆ, ಕೀಲು, ಚಿಲಕ, ಮಡಚಿದ ಅಂಚು ಇವೆಲ್ಲ ಅದರ ಮೇಲೆ ಜಾಸ್ತಿ. "20 ಗೇಜ್ ಅಣ್ಣಾ" ಎಂದು ಕೊಟ್ಟ ಇಷ್ಟೇ ದೊಡ್ಡ ಪೆಟ್ಟಿಗೆ ಎಲ್ಲ ಸೇರಿ 7 ಕೆ.ಜಿ. ತೂಗಿದರೆ ಲೆಕ್ಕ ತಪ್ಪಿದೆ ಎಂದರ್ಥ. ನಿಮ್ಮ ಪೆಟ್ಟಿಗೆಯ ಅಳತೆ ಹಾಕಿಕೊಂಡು ಇದೇ ಲೆಕ್ಕ ಮಾಡಿ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರೇ ಮಾಡಿ ಕೊಡುತ್ತಾರೆ.

ತೂಕ ಹಾಕಲು ಆಗದಿದ್ದರೆ ಕೈಯಿಂದ ನೋಡಿ. ಮುಚ್ಚಳ ತೆರೆದು ಒಂದು ಮೂಲೆ ಹಿಡಿದು ತಿರುಚಿ. ಬಳುಕಿದರೆ ಬೇಡ. ಅಂಚಿಗೆ ಬೆರಳು ಆಡಿಸಿ. ಒಳಕ್ಕೆ ಮಡಚಿದ ಅಂಚು ದುಂಡಗೆ ಇರುತ್ತದೆ, ಕೈ ಕೊಯ್ಯುವುದಿಲ್ಲ, ಪೆಟ್ಟಿಗೆಗೆ ಬಿಗಿಯೂ ಬರುತ್ತದೆ. ಕತ್ತರಿಸಿ ಹಾಗೇ ಬಿಟ್ಟ ಅಂಚು ಇರುವ ಪೆಟ್ಟಿಗೆ ತರಬೇಡಿ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ

ನಮ್ಮ ಕಡೆ ಇದು ದೊಡ್ಡ ಅನುಕೂಲ. ಟ್ರ್ಯಾಕ್ಟರು, ಟ್ರೈಲರು, ರೈಸ್ ಮಿಲ್ಲು ಇರುವ ಊರುಗಳಲ್ಲಿ ತಗಡು ಬಗ್ಗಿಸುವ, ವೆಲ್ಡಿಂಗ್ ಮಾಡುವ ಕೈಗಳು ಬೇಕಾದಷ್ಟಿವೆ. ಟ್ರೈಲರಿನ ಬಾಡಿ ಕಟ್ಟುವವರಿಗೆ ಒಂದು ಟ್ರಂಕು ದೊಡ್ಡ ಕೆಲಸವಲ್ಲ. ನಿಮ್ಮ ಸಾಮಾನಿನ ಅಳತೆಗೆ, ನಿಮ್ಮ ಶೆಡ್ಡಿನ ಜಾಗಕ್ಕೆ ಸರಿಯಾಗಿ ಮಾಡಿಸಬಹುದು. ಸುಗ್ಗಿಯ ಹೊತ್ತಿನಲ್ಲಿ ಮಾತ್ರ ಹೋಗಬೇಡಿ. ಆಗ ಅವರಿಗೆ ಪುರುಸೊತ್ತು ಇರುವುದಿಲ್ಲ, ಕೆಲಸ ಅವಸರದ್ದಾಗುತ್ತದೆ. ನಾಟಿ ಮುಗಿದು ಕೊಯ್ಲಿಗೆ ಇನ್ನೂ ಹೊತ್ತಿರುವಾಗ ಕೊಡಿ.

ಬಾಯಲ್ಲಿ ಹೇಳಿ ಬರಬೇಡಿ, ಒಂದು ಹಾಳೆಯ ಮೇಲೆ ಚಿತ್ರ ಬರೆದು ಅಳತೆ ಹಾಕಿ ಕೊಡಿ. ಒಳಗಿನ ಅಳತೆ ಎಂದು ಸ್ಪಷ್ಟವಾಗಿ ಬರೆಯಿರಿ. ಹೇಳಬೇಕಾದ ಮುಖ್ಯ ವಿಷಯಗಳು ಇವು:

ಪೆಟ್ಟಿಗೆಯ ಅಡಿಭಾಗಕ್ಕೆ 1 ಇಂಚಿನ ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ), 3 ಮಿ.ಮೀ. ದಪ್ಪದ್ದು, ಸುತ್ತ ಚೌಕಟ್ಟಾಗಿ ಬರಲಿ. ಈ ಆಂಗ್ಲರ್ ಮೀಟರಿಗೆ 1.1 ಕೆ.ಜಿ. ತೂಗುತ್ತದೆ. ಮೇಲಿನ ಅಳತೆಯ ಪೆಟ್ಟಿಗೆಗೆ 2 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅಂದರೆ ಎರಡೂವರೆ ಕೆ.ಜಿ.ಯೊಳಗೆ. ಅದೇ ಆಂಗ್ಲರಿನಲ್ಲಿ 4 ಇಂಚಿನ ಕಾಲು. ಕಾಲಿನ ತುದಿಗೆ ಚಪ್ಪಟೆ ಪಟ್ಟಿ ಇರಲಿ, ಇಲ್ಲದಿದ್ದರೆ ಪರಸಿ ಒಡೆಯುತ್ತದೆ.

ಮುಚ್ಚಳ ಪೆಟ್ಟಿಗೆಯ ಹೊರಗಿನಿಂದ ಒಂದು ಇಂಚು ಕೆಳಗೆ ಇಳಿಯಬೇಕು. ಆಗ ಶೆಡ್ಡು ಸೋರಿದರೂ ನೀರು ಹೊರಗೇ ಜಾರುತ್ತದೆ, ಹೊಟ್ಟಿನ ಧೂಳು ಒಳಗೆ ಬರುವುದೂ ಕಡಿಮೆಯಾಗುತ್ತದೆ. ಮುಚ್ಚಳ ಹಿಂದಕ್ಕೆ ಪೂರ್ತಿ ಬೀಳದಂತೆ ಒಂದು ಸರಪಳಿ ಹಾಕಿಸಿ. ಕೀಲು ಉದ್ದಕ್ಕೂ ಒಂದೇ ಇದ್ದರೆ ಉತ್ತಮ, ಇಲ್ಲದಿದ್ದರೆ ಮೂರು ಕೀಲು. ಎರಡು ಸಾಲುವುದಿಲ್ಲ.

ಹಿಡಿಕೆಯ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ತುಂಬಿದ ಪೆಟ್ಟಿಗೆ ಎತ್ತುವಾಗ ಹಿಡಿಕೆ ಕಿತ್ತುಬಂದರೆ ಕಾಲಿನ ಮೇಲೆ ಬೀಳುತ್ತದೆ. ತೆಳು ತಗಡಿಗೆ ನೇರವಾಗಿ ಹಿಡಿಕೆ ವೆಲ್ಡ್ ಮಾಡಿದರೆ ತಗಡೇ ಹರಿಯುತ್ತದೆ. ಒಳಗಡೆ ಅಂಗೈ ಅಗಲದ 3 ಮಿ.ಮೀ. ಪಟ್ಟಿ ಕೊಟ್ಟು, ಅದಕ್ಕೆ ಸೇರಿಸಿ ಬೋಲ್ಟು ಹಾಕಿಸಿ. ಹಿಡಿಕೆ ಪೆಟ್ಟಿಗೆಯ ಅರ್ಧಕ್ಕಿಂತ ಮೇಲೆ ಇರಲಿ. ಕೆಳಗಿದ್ದರೆ ಎತ್ತಿದಾಗ ಪೆಟ್ಟಿಗೆ ತಲೆಕೆಳಗಾಗಲು ನೋಡುತ್ತದೆ. ಎಲ್ಲ ತುಂಬಿದ ಮೇಲೆ ಇಬ್ಬರು ಸಲೀಸಾಗಿ ಎತ್ತುವಷ್ಟೇ ಭಾರ ಇರಲಿ. 50 ಕೆ.ಜಿ. ದಾಟುತ್ತದೆ ಅನ್ನಿಸಿದರೆ ಒಂದು ದೊಡ್ಡದರ ಬದಲು ಎರಡು ಸಣ್ಣದು ಮಾಡಿಸಿ.

ಬಣ್ಣದ ಮೊದಲು ಒಂದು ಸಲ ಅಂಗಡಿಗೆ ಹೋಗಿ ನೋಡಿ ಬರಲೇಬೇಕು. ಬಣ್ಣ ಬಳಿದ ಮೇಲೆ ತಪ್ಪು ಕಾಣುವುದಿಲ್ಲ. ವೆಲ್ಡಿಂಗ್ ಜಾಗದ ಕಪ್ಪು ಸಿಪ್ಪೆ ಗ್ರೈಂಡರಿನಿಂದ ತೆಗೆದಿದ್ದಾರಾ, ಮೂಲೆಯಲ್ಲಿ ಬೆಳಕು ಕಾಣುತ್ತದಾ, ನಾಲ್ಕು ಕಾಲೂ ನೆಲಕ್ಕೆ ಸಮ ಕೂರುತ್ತವಾ ನೋಡಿ. ಆಮೇಲೆ ಎಣ್ಣೆ ಜಿಡ್ಡು ಒರೆಸಿ, ಒಳಗೂ ಹೊರಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಒಂದು ಕೋಟು, ಅದು ಒಣಗಿದ ಮೇಲೆ ಎನಾಮಲ್ ಎರಡು ಕೋಟು. ಒಳಭಾಗಕ್ಕೆ ಬಿಳಿ ಅಥವಾ ತಿಳಿ ಹಳದಿ ಬಣ್ಣ ಹೇಳಿ. ಟಾರ್ಚ್ ಬೆಳಕಿನಲ್ಲಿ ಕಪ್ಪು ಪಾನಾ ತಿಳಿ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಈ ಒಂದು ಮಾತನ್ನು ಯಾರೂ ಹೇಳುವುದಿಲ್ಲ, ಆದರೆ ರಾತ್ರಿ ಕೆಲಸಕ್ಕೆ ಇದರಷ್ಟು ಉಪಕಾರ ಮಾಡುವುದು ಬೇರೆ ಇಲ್ಲ. ಕಂಪನಿಯ ಪೆಟ್ಟಿಗೆಗೆ ಪೌಡರ್ ಕೋಟಿಂಗ್ ಇರುತ್ತದೆ. ಪುಡಿ ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಹಿಡಿಸಿರುತ್ತಾರೆ, ಗೀರಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಒಮ್ಮೆ ಎದ್ದರೆ ಮನೆಯಲ್ಲಿ ಸರಿ ಮಾಡುವುದು ಕಷ್ಟ. ಎನಾಮಲ್ ಆದರೆ ಬ್ರಷ್ ಹಿಡಿದು ನಾವೇ ಬಳಿದುಕೊಳ್ಳಬಹುದು.

ಹೊಸದು ಮಾಡಿಸುವ ಮೊದಲು ಗುಜರಿ ಅಂಗಡಿಗೂ ಒಂದು ಸುತ್ತು ಹೋಗಿ ಬನ್ನಿ. ಹಳೆ ಆಫೀಸಿನ ಕಬ್ಬಿಣದ ಕಪಾಟು, ಕಾರ್ಖಾನೆಯ ಲಾಕರು ಕೆಲವೊಮ್ಮೆ ಸಿಗುತ್ತವೆ. ಹಳೆಯ ಕಪಾಟಿನ ತಗಡು ಈಗಿನ ಎಷ್ಟೋ ಕಪಾಟುಗಳಿಗಿಂತ ದಪ್ಪ ಇರುತ್ತದೆ. ಅಡಿಭಾಗ ಮತ್ತು ಹಿಂಭಾಗ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಟಣ್ ಅಂದರೆ ಸರಿ, ಪುಡಿ ಉದುರಿದರೆ ಬಿಟ್ಟು ಬನ್ನಿ.

ಡ್ರಾಯರ್ ಟ್ರಾಲಿ ಬೇಕೇ ಬೇಕು ಅನ್ನುವವರಿಗೆ

ಡ್ರಾಯರಿನ ಪ್ರಾಣ ಇರುವುದು ಅದರ ಚಾನೆಲ್ಲಿನಲ್ಲಿ, ಅಂದರೆ ಡ್ರಾಯರು ಜಾರುವ ಎರಡು ಬದಿಯ ಪಟ್ಟಿಯಲ್ಲಿ. ಬಾಲ್ ಬೇರಿಂಗ್ ಇರುವ ಚಾನೆಲ್ಲೇ ಬೇಕು. ಜೋಡಿಗೆ ಎಷ್ಟು ಭಾರ ತಡೆಯುತ್ತದೆ ಎಂದು ಕೇಳಿ. ಪಾನಾ ಡ್ರಾಯರಿಗೆ 35ರಿಂದ 45 ಕೆ.ಜಿ. ತಡೆಯುವುದು ಇರಲಿ. ಅಂಗಡಿಯಲ್ಲೇ ಡ್ರಾಯರನ್ನು ಪೂರ್ತಿ ಎಳೆದು, ಮುಂದಿನ ಅಂಚಿನ ಮೇಲೆ ಅಂಗೈ ಇಟ್ಟು ಒತ್ತಿ. ಕೆಳಗೆ ಬಾಗಿದರೆ ಅಥವಾ ಅಡ್ಡಡ್ಡ ಅಲುಗಿದರೆ ಸಾಮಾನು ತುಂಬಿದ ಮೇಲೆ ಅದು ಸಿಕ್ಕಿಕೊಳ್ಳುತ್ತದೆ.

ಡ್ರಾಯರು ಎಲ್ಲವೂ ಒಂದೇ ಆಳ ಇರುವುದು ಬೇಡ. ಪಾನಾಕ್ಕೆ 2 ಇಂಚು ಆಳ ಸಾಕು, ಆಳ ಹೆಚ್ಚಾದರೆ ಒಂದರ ಮೇಲೊಂದು ರಾಶಿ ಬೀಳುತ್ತದೆ. ಇಕ್ಕಳ, ಸುತ್ತಿಗೆಗೆ 3ರಿಂದ 4 ಇಂಚು. ಗ್ರೈಂಡರು, ಡ್ರಿಲ್ಲಿಗೆ ಕೆಳಗೆ 8 ಇಂಚಿನದ್ದು. ಭಾರದ್ದು ಯಾವಾಗಲೂ ಕೆಳಗೆ. ಮೇಲಿನ ಎರಡು ಮೂರು ಡ್ರಾಯರ್ ಒಟ್ಟಿಗೆ ಎಳೆದರೆ ಟ್ರಾಲಿ ಮುಂದಕ್ಕೆ ಮಗುಚಬಹುದು. ಒಂದು ತೆರೆದಾಗ ಇನ್ನೊಂದು ತೆರೆಯದ ವ್ಯವಸ್ಥೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಯಿರಿ.

ಚಕ್ರದ ಲೆಕ್ಕ ಹೀಗೆ ಮಾಡಿ. ಟ್ರಾಲಿ 60 ಕೆ.ಜಿ., ಸಾಮಾನು 120 ಕೆ.ಜಿ. ಅಂದುಕೊಳ್ಳಿ, ಒಟ್ಟು 180. ನಾಲ್ಕು ಚಕ್ರ ಇದ್ದರೂ ಮೂರರಿಂದ ಭಾಗಿಸಿ. ನೆಲ ಏರುತಗ್ಗು ಇದ್ದರೆ ಒಂದು ಚಕ್ರ ಗಾಳಿಯಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಒಂದೊಂದು ಚಕ್ರ 60 ಕೆ.ಜಿ. ತಡೆಯಬೇಕು. ಶಹಾಬಾದ್ ಪರಸಿಯ ಸಂದಿಯಲ್ಲಿ 2 ಇಂಚಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. 4 ಅಥವಾ 5 ಇಂಚಿನ ಚಕ್ರ ಇರಲಿ, ಎರಡು ತಿರುಗುವುದು, ಎರಡು ತಿರುಗದ್ದು, ತಿರುಗುವ ಎರಡಕ್ಕೂ ಬ್ರೇಕು.

ರೈಸ್ ಮಿಲ್ಲಿನ ಪಕ್ಕದಲ್ಲೋ, ಗ್ರೈಂಡರ್ ಆಡಿಸುವ ಜಾಗದಲ್ಲೋ ಟ್ರಾಲಿ ಇದ್ದರೆ ಚಾನೆಲ್ಲಿಗೆ ಗ್ರೀಸ್ ಮೆತ್ತಬೇಡಿ. ಧೂಳು ಅಂಟಿ ಬೇರಿಂಗ್ ಕಟ್ಟಿಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಮಷೀನ್ ಆಯಿಲ್ ಬಿಟ್ಟರೆ ಆಯಿತು.

ಒಳಗೆ ಜೋಡಿಸುವುದು

ಟ್ರಂಕಿನ ಒಂದು ಕೊರತೆ ಎಂದರೆ ಎಲ್ಲ ಅಡಿಗೆ ಹೋಗಿ ರಾಶಿಯಾಗುವುದು. ಅದಕ್ಕೆ ಮೇಲ್ಭಾಗದಲ್ಲಿ 3 ಇಂಚು ಆಳದ ಒಂದು ತಟ್ಟೆ ಮಾಡಿಸಿ, ಎರಡೂ ಬದಿ ಹಿಡಿಕೆ ಇರುವಂಥದ್ದು, ಎತ್ತಿ ಹೊರಗಿಡಲು ಬರುವಂಥದ್ದು. ದಿನ ಬೇಕಾಗುವ ಪಾನಾ, ಇಕ್ಕಳ, ಟೆಸ್ಟರ್ ತಟ್ಟೆಯಲ್ಲಿ. ರೆಂಚು, ಸುತ್ತಿಗೆ, ಜಾಕು ಅಡಿಯಲ್ಲಿ. ಕರೆಂಟಿನ ಸಾಮಾನು, ಅಂದರೆ ಟೆಸ್ಟರು, ಮಲ್ಟಿಮೀಟರು, ವೈರಿಗೆ ಸುತ್ತುವ ಟೇಪು, ಫ್ಯೂಸ್ ತಂತಿ, ಒಣ ಕೈಗವಸು, ಇವಕ್ಕೆ ಒಂದು ಬೇರೆ ಡಬ್ಬಿ ಮಾಡಿ ಅದರ ಮೇಲೆ ಕೆಂಪು ಬಣ್ಣ ಹಚ್ಚಿ. ರಾತ್ರಿ ಆ ಡಬ್ಬಿಯನ್ನಷ್ಟೇ ಎತ್ತಿಕೊಂಡು ಓಡಬಹುದು. ಮೇನ್ ಸ್ವಿಚ್ ಇಳಿಸದೆ ಸ್ಟಾರ್ಟರ್ ಮುಚ್ಚಳ ತೆಗೆಯಬಾರದು ಎಂದು ಡಬ್ಬಿಯ ಮುಚ್ಚಳದ ಮೇಲೇ ದೊಡ್ಡದಾಗಿ ಬರೆದಿಡಿ. ಎದೆಯೊಳಗೆ ಗಾಬರಿ ಇದ್ದಾಗ ಅದೇ ಮರೆತುಹೋಗುವುದು.

ಅಡಿಗೆ ಹಾಸಲು ಗೋಣಿಚೀಲ ಬೇಡ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗೊಬ್ಬರದ ಚೀಲ ಎಷ್ಟು ಜಾಡಿಸಿದರೂ ಅದರಲ್ಲಿ ಉಪ್ಪು ಉಳಿದಿರುತ್ತದೆ. ಹಳೇ ಟ್ರ್ಯಾಕ್ಟರ್ ಟ್ಯೂಬು ಸೀಳಿ, ತೊಳೆದು ಒಣಗಿಸಿ ಹಾಸಿ. ಸಾಮಾನು ಜಾರುವುದಿಲ್ಲ, ಬಣ್ಣವೂ ಉಳಿಯುತ್ತದೆ.

ತಟ್ಟೆಯಲ್ಲಿ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು, ಬಿಳಿ ಬಣ್ಣದಲ್ಲಿ ಪಕ್ಕದಲ್ಲೇ ನಂಬರು ಬರೆಯಿರಿ. ಒಂದು ಜಾಗ ಖಾಲಿ ಇದ್ದರೆ ಯಾವುದು ವಾಪಸ್ ಬಂದಿಲ್ಲ ಎಂದು ಸಂಜೆಯೇ ಗೊತ್ತಾಗುತ್ತದೆ. ಪ್ರತಿ ಸಾಮಾನಿನ ತುದಿಗೆ ನಿಮ್ಮ ಮನೆಯದ್ದೇ ಒಂದು ಬಣ್ಣದ ಗುರುತು ಹಾಕಿ. ಹೊಲದಲ್ಲಿ ಒಬ್ಬರದ್ದೊಬ್ಬರು ತಗೊಂಡು ಕೊಡುವುದು ನಡೆದೇ ಇರುತ್ತದೆ, ನಡೆಯಬೇಕು ಕೂಡ. ಗುರುತು ಇದ್ದರೆ ಕೇಳಿ ಪಡೆಯುವುದು ಮುಜುಗರವಾಗುವುದಿಲ್ಲ.

ಅರಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಇಲ್ಲದಿದ್ದರೆ ಹಲ್ಲು ಮೊಂಡಾಗುತ್ತವೆ. ಗ್ರೈಂಡರ್ ಡಿಸ್ಕನ್ನು ಒಣ ಡಬ್ಬಿಯಲ್ಲಿ ಮಟ್ಟಸವಾಗಿ ಮಲಗಿಸಿ ಇಡಿ, ಮೇಲೆ ಭಾರ ಹೇರಬೇಡಿ. ಒಳ್ಳೆ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಎಲ್ಲಿಯವರೆಗೆ ಬಳಸಬಹುದು ಎಂಬ ತಿಂಗಳು, ವರ್ಷ ಅಚ್ಚಾಗಿರುತ್ತದೆ. ದಾಟಿದ್ದರೆ, ಬಿರುಕು ಕಂಡರೆ, ಎಸೆಯಿರಿ. ಪೆಟ್ರೋಲು, ಸ್ಪ್ರೇ ಡಬ್ಬಿ, ಕೀಟನಾಶಕ ಇವನ್ನು ಈ ಪೆಟ್ಟಿಗೆಯಲ್ಲಿ ಇಡಲೇಬಾರದು.

ಹೊಲಕ್ಕೆ ಒಯ್ಯುವ ಕೈಪೆಟ್ಟಿಗೆಯಲ್ಲಿ ನಾಲ್ಕೈದು ಮುಖ್ಯ ಪಾನಾ, ಇಕ್ಕಳ, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಕಾಟರ್ ಪಿನ್ನು, ಬೈಂಡಿಂಗ್ ತಂತಿ, ಬಟ್ಟೆ ಇದ್ದರೆ ಸಾಕು. ಅದರ ಅಡಿಗೆ 4 ಮಿ.ಮೀ. ಎರಡು ತೂತು ಹಾಕಿ. ಕೇಜ್ ವೀಲ್ ಎರಚಿದ ಕೆಸರು ನೀರು ಒಳಗೆ ಹೋದರೂ ನಿಲ್ಲುವುದಿಲ್ಲ, ಇಲಿಯೂ ಅಷ್ಟರಲ್ಲಿ ನುಗ್ಗುವುದಿಲ್ಲ.

ಬೀಗ

ಮೋಟರ್ ಮನೆಯಲ್ಲಿ ಕೇಬಲ್ಲು, ಸ್ಟಾರ್ಟರು ಕಳುವಾಗುವುದು ಎಲ್ಲರಿಗೂ ಗೊತ್ತಿದೆ. ಅಲ್ಲಿ ಬೆಲೆಯ ಸಾಮಾನು ಬಿಡಬೇಡಿ. ಬಿಡಲೇಬೇಕಾದರೆ ಪೆಟ್ಟಿಗೆಯ ಒಳಗಿನಿಂದ ನೆಲಕ್ಕೆ ಆಂಕರ್ ಬೋಲ್ಟು ಹಾಕಿ ಬಿಗಿಯಿರಿ. ಚಿಲಕದ ಸ್ಕ್ರೂ ಹೊರಗೆ ಕಾಣುತ್ತಿದ್ದರೆ ಎಂಥ ಬೀಗ ಹಾಕಿದರೂ ವ್ಯರ್ಥ, ಮುಚ್ಚಿದಾಗ ಸ್ಕ್ರೂ ಒಳಗೆ ಅಡಗಬೇಕು. ಬೀಗದ ಕಮಾನು ಗಿಡ್ಡ ಇರಲಿ, ರಾಡು ತೂರಿಸಲು ಜಾಗ ಸಿಗಬಾರದು. ಕಂಪನಿ ಟ್ರಾಲಿಯಲ್ಲಿ ಬರುವ ಸಣ್ಣ ಕೀಲಿ ಮಕ್ಕಳನ್ನು ದೂರ ಇಡಲು ಸರಿ, ಕಳ್ಳರಿಗೆ ಲೆಕ್ಕವಿಲ್ಲ. ಎರಡನೇ ಕೀಲಿ ಮನೆಯಲ್ಲಿ ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರಲಿ.

ವರ್ಷಕ್ಕೊಮ್ಮೆ ಮಾಡುವುದು

ಖಂಡೆ ಪೂಜೆಗೆ (ಆಯುಧ ಪೂಜೆಗೆ) ಹೇಗೂ ಸಾಮಾನೆಲ್ಲ ಹೊರಗೆ ಬರುತ್ತದೆ. ಹಿಂದಿನ ದಿನವೇ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ, ಒಳಗೆ ಗುಡಿಸಿ, ಬಿಸಿಲಿಗೆ ಬಾಯಿ ತೆರೆದು ಇಡಿ. ತುಕ್ಕಿನ ಚುಕ್ಕೆ ಕಂಡರೆ ಎಮರಿ ಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಎನಾಮಲ್ ಬಳಿಯಿರಿ. ಮುಚ್ಚಳದ ಕೀಲುಗಳಿಗೆ ಎಣ್ಣೆ ಬಿಡಿ, ಹಿಡಿಕೆಯ ಬೋಲ್ಟು ಬಿಗಿ ಮಾಡಿ. ಪೂಜೆಯ ಕುಂಕುಮ, ವಿಭೂತಿ, ತೆಂಗಿನಕಾಯಿ ನೀರು ಪಾನಾಗಳ ಮೇಲೆ ದಿನಗಟ್ಟಲೆ ಉಳಿಯುವುದು ಬೇಡ. ಮರುದಿನ ಒರೆಸಿ, ತೆಳ್ಳಗೆ ಮಷೀನ್ ಆಯಿಲ್ ಹಚ್ಚಿದ ಬಟ್ಟೆಯಿಂದ ಒಂದೊಂದನ್ನೂ ಉಜ್ಜಿ ಒಳಗಿಡಿ. ಇದಕ್ಕೆ ಎಂಜಿನ್ನಿನಿಂದ ತೆಗೆದ ಕಪ್ಪು ಆಯಿಲ್ ಬಳಸಬೇಡಿ. ಅದರಲ್ಲಿ ಎಂಜಿನ್ ಸುಟ್ಟ ಮಸಿ, ಆಮ್ಲ ಸೇರಿರುತ್ತದೆ, ಕೈಯ ಚರ್ಮಕ್ಕೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಔಷಧಿ ಡಬ್ಬಿಯಲ್ಲೋ ಹೊಸ ಚಪ್ಪಲಿ ಡಬ್ಬದಲ್ಲೋ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಮಲ್ಟಿಮೀಟರಿನ ಡಬ್ಬಿಗೆ ಹಾಕಿ. ಬಿಸಿ ಹೆಂಚಿನ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಪಸೆ ಆರಿಸಿದರೆ ಅದೇ ಪೊಟ್ಟಣ ಮತ್ತೆ ಕೆಲಸಕ್ಕೆ ಬರುತ್ತದೆ.